ಹಿಪ್ಪರಗಾ ಕೆರೆಯ ನೀರುಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೊಲ್ಲಾಪುರ, ಅಕ್ಕಲಕೋಟೆ, ಮಂದ್ರೂಪ ಕಡೆಯ ಕನ್ನಡಿಗರು ಕೆರೆ ದಂಡೆಯಲ್ಲಿ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

ಮೊದಲ ಸಲ ಹೋಗುವವರಿಗೆ

ಸೊಲ್ಲಾಪುರದಾಗ ನೀರುಹಕ್ಕಿ ನೋಡಬೇಕಂದ್ರ ಎಲ್ಲಿಗೆ ಹೋಗಬೇಕ್ರಿ?

ಮೊದಲು ಹಿಪ್ಪರಗಾ ಕೆರೆಗೆ ಹೋಗಿ. ತುಳಜಾಪುರ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುತ್ತದೆ. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಏಕರೂಖ. ಬ್ರಿಟಿಷರ ಕಾಲದಲ್ಲಿ, 1871ರಲ್ಲಿ ಮುಗಿದ ಮಣ್ಣಿನ ಒಡ್ಡು ಇದು. ಸಿಹಿನೀರು, ಅಗಲವಾದ ಹರವು, ಸುತ್ತ ಹೊಲ. ಹಕ್ಕಿಗೆ ಇನ್ನೇನು ಬೇಕು?

ಊರೊಳಗೇ ಇರಬೇಕು ಎನ್ನುವವರಿಗೆ ವಿಜಾಪುರ ರಸ್ತೆಯ ಕಂಬರ ತಲಾವ್ ಇದೆ. ಈಗ ಅದಕ್ಕೆ ಸಂಭಾಜಿ ತಲಾವ್ ಎನ್ನುತ್ತಾರೆ. ಅಕ್ಕಲಕೋಟೆ ಕಡೆಯವರಿಗೆ ಬೋರಿ ನದಿಯ ಕುರನೂರ ಡ್ಯಾಂ ಹತ್ತಿರ. ಒಂದು ದಿನ ಪೂರ್ತಿ ಬಿಡುವಿದ್ದರೆ ಭೀಮಾ ನದಿಯ ಉಜನಿ ಹಿನ್ನೀರು, ಅದರಲ್ಲೂ ಪುಣೆ ಜಿಲ್ಲೆಯ ಭಿಗವಣ ಕಡೆ.

ಯಾವ ತಿಂಗಳು ಚಲೋ?

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಹೊರದೇಶದ ಬಾತುಗಳು, ಕೆಸರಿನಲ್ಲಿ ಹುಳ ಹೆಕ್ಕುವ ಗೊರವಗಳು ಆಗ ಇಲ್ಲೇ ಇರುತ್ತವೆ. ಆದರೆ ಮಳೆಗಾಲ ಬರೀ ಖಾಲಿ ಅಂದುಕೊಳ್ಳಬೇಡಿ. ದೇವನಕ್ಕಿ, ಗುಳುಮುಳುಕ, ಜಂಬುಕೋಳಿ ಗೂಡು ಕಟ್ಟುವುದು ಆಗಲೇ. ಬಾಲದ ದೇವನಕ್ಕಿಗೆ ಆ ಉದ್ದ ಬಾಲ ಬರುವುದೂ ಆಗಲೇ. ಚಳಿಗಾಲದಲ್ಲಿ ನೋಡಿದವರು "ಬಾಲ ಎಲ್ರೀ?" ಎಂದು ಕೇಳುತ್ತಾರೆ.

ನೀರಿನ ಮ್ಯಾಲ ತೇಲೋದೆಲ್ಲಾ ಬಾತುಕೋಳಿನೇ ಅಲ್ವಾ?

ಅಲ್ಲ. ಹಿಪ್ಪರಗಾದಲ್ಲಿ ದೂರದಿಂದ ಕಾಣುವ ಕಪ್ಪು ಗುಂಪುಗಳಲ್ಲಿ ಜಾಸ್ತಿ ನಾಮದ ಕೋಳಿಗಳೇ ಇರುತ್ತವೆ. ಮೈಯೆಲ್ಲ ಕಪ್ಪು, ಕೊಕ್ಕು ಮತ್ತು ಹಣೆ ಬಿಳಿ. ಇದು ಜಂಬುಕೋಳಿಯ ಬಳಗದ್ದು. ಕಾಲ್ಬೆರಳ ನಡುವೆ ಬಾತಿನ ಹಾಗೆ ಪೂರ್ತಿ ಪೊರೆ ಇರುವುದಿಲ್ಲ, ಒಂದೊಂದು ಬೆರಳಿಗೂ ಬೇರೆ ಬೇರೆ ಅಗಲ ಹಾಳೆ ಇರುತ್ತದೆ.

ಮುಷ್ಟಿಯಷ್ಟೇ ಗಾತ್ರ, ಈಗ ಕಂಡಿತು ಅನ್ನುವಷ್ಟರಲ್ಲಿ ಮುಳುಗಿ ಇನ್ನೆಲ್ಲೋ ಏಳುವುದು ಗುಳುಮುಳುಕ. ಕುತ್ತಿಗೆ ಮಾತ್ರ ನೀರಿನ ಮೇಲಿದ್ದು ಹಾವಿನ ಹಾಗೆ ಕಂಡರೆ ಹಾವಕ್ಕಿ. ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ನಿಂತದ್ದು ನೀರುಕಾಗೆ. ಅದರ ರೆಕ್ಕೆ ನೀರು ಹೀರಿಕೊಳ್ಳುತ್ತದೆ. ಮುಳುಗಲು ಅದು ಅನುಕೂಲ, ಆಮೇಲೆ ಒಣಗಿಸಿಕೊಳ್ಳುವ ಕೆಲಸ ತಪ್ಪಿದ್ದಲ್ಲ.

ಬೈನಾಕ್ಯುಲರ್ ಇಲ್ಲದಿದ್ರೆ ಸುಮ್ನೆ ಹೋಗೋದಾ?

ಹೋಗಿ. ಬಣ್ಣದ ಕೊಕ್ಕರೆ, ಬಕ, ಮೆಟ್ಟುಗಾಲು ಹಕ್ಕಿ, ಮಿಂಚುಳ್ಳಿ ಬರಿಗಣ್ಣಿಗೆ ಸಿಗುತ್ತವೆ. ಬಾತುಗಳ ಜಾತಿ ಹೇಳಲು ಮಾತ್ರ ಬೈನಾಕ್ಯುಲರ್ ಬೇಕೇ ಬೇಕು. ಕೊಳ್ಳುವುದಾದರೆ 8x42 ಸಾಕು. ಅದಕ್ಕಿಂತ ದೊಡ್ಡದು ಕೈಯಲ್ಲಿ ನಡುಗುತ್ತದೆ. ಬೆಳಗ್ಗೆ ಸೂರ್ಯ ನಿಮ್ಮ ಬೆನ್ನಿಗೆ ಇರುವಂಥ ದಡ ಆರಿಸಿಕೊಳ್ಳಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ.

ಫ್ಲೆಮಿಂಗೊ ಹಿಪ್ಪರಗಾದಾಗ ಸಿಗ್ತಾವೇನ್ರಿ? ಮೊಬೈಲ್‌ನಾಗ ಫೋಟೋ ಬಂದಿತ್ತು.

ಫ್ಲೆಮಿಂಗೊಗೇ, ಅಂದರೆ ರಾಜಹಂಸಕ್ಕೇ, ಹೋಗುವುದಾದರೆ ಉಜನಿಯನ್ನು ನಂಬಿ. ಅಲ್ಲೂ ಡಿಸೆಂಬರ್‌ನಲ್ಲಿ ಹೋಗಿ "ಇಲ್ಲ" ಎಂದು ವಾಪಸು ಬರುವವರು ಬಹಳ. ನೀರು ಇಳಿದು ಕೆಸರಿನ ಮೇಲೆ ತೆಳುವಾಗಿ ನಿಲ್ಲಬೇಕು. ಹಾಗಾಗಿ ಫೆಬ್ರವರಿ, ಮಾರ್ಚ್ ಒಳ್ಳೆಯದು. ಈ ಹಕ್ಕಿ ತಲೆಯನ್ನು ಬುಡಮೇಲು ಮಾಡಿ, ನಾಲಿಗೆಯಿಂದ ಕೆಸರುನೀರು ಒಳಗೆಳೆದು ಹೊರಗೆ ತಳ್ಳಿ, ಹುಳದ ಮರಿ, ಪಾಚಿ, ಸಣ್ಣ ಚಿಪ್ಪಿನ ಜೀವಿಗಳನ್ನು ಸೋಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಇದು ಮರಿ ಮಾಡುವ ದೊಡ್ಡ ಜಾಗ ಗುಜರಾತಿನ ಕಛ್ ರಣ. ಮರಾಠಿ ಗೈಡುಗಳು "ರೋಹಿತ್" ಎಂದರೆ ಇದೇ ಹಕ್ಕಿ.

ನೀರು, ದಂಡೆ, ಕೆಸರು

ಈ ವರ್ಷ ಕೆರಿ ಒಡ್ಡಿನ ತನಕ ತುಂಬೈತಿ. ಆದ್ರೂ ಹಕ್ಕಿ ಯಾಕ ಕಡಿಮಿ?

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ತುಂಬಿದ ಕೆರೆ ರೈತನಿಗೆ ಹಬ್ಬ, ನಗರದ ನಲ್ಲಿಗೂ ಹಬ್ಬ. ಹೆಚ್ಚಿನ ನೀರುಹಕ್ಕಿಗೆ ಮಾತ್ರ ಅಲ್ಲ.

ಹಕ್ಕಿ ಬರುವುದು ನೀರಿಗಲ್ಲ, ನೀರಿನ ತಳದಲ್ಲಿರುವ ಊಟಕ್ಕೆ. ತಳ ಅದರ ಕೊಕ್ಕಿಗೆ ಎಟುಕಬೇಕು. ಸಣ್ಣ ಗೊರವಗಳಿಗೆ ನಾಲ್ಕೈದು ಸೆಂಟಿಮೀಟರ್ ನೀರಾದರೆ ಸಾಕು, ಅದಕ್ಕಿಂತ ಜಾಸ್ತಿ ಆದರೆ ಆಗುವುದಿಲ್ಲ. ಬಾಲ ಮೇಲೆತ್ತಿ ತಲೆ ಮುಳುಗಿಸಿ ತಿನ್ನುವ ಬಾತುಗಳಿಗೆ ಸುಮಾರು 30 ಸೆಂಟಿಮೀಟರ್ ಒಳಗಿನ ನೀರು ಬೇಕು. ಕೆರೆ ತುಂಬಿ ತುಳುಕುವಾಗ ನೀರು ಜಾಲಿಪೊದೆಗಳ ಬುಡಕ್ಕೇ ಬಂದು ನಿಂತಿರುತ್ತದೆ. ಕಡಿಮೆ ಆಳದ ಜಾಗವೇ ಸಿಗುವುದಿಲ್ಲ.

ಹಿಂಗಾರಿ ಬೆಳೆಗೆ ನೀರು ಬಿಟ್ಟ ಮೇಲೆ ಆಟ ಶುರು. ನೀರು ಸ್ವಲ್ಪ ಸ್ವಲ್ಪವೇ ಇಳಿದು ಪ್ರತಿ ವಾರ ಹೊಸ ಕೆಸರುಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಹುಳದ ಮರಿ, ಬಸವನಹುಳು, ಹುಲ್ಲಿನ ಬೀಜ. ಹಕ್ಕಿಗಳು ಆ ಅಂಚಿನ ಜೊತೆಗೇ ಕೆಳಗಿಳಿಯುತ್ತ ಹೋಗುತ್ತವೆ.

ದಂಡೆಯ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ದಂಡೆಯಲ್ಲಿ ನೀರು 30 ಸೆಂಟಿಮೀಟರ್ ಕಡಿಮೆಯಾದರೆ 30 ಮೀಟರ್ ಅಗಲದ ಕೆಸರು ಹೊರಬೀಳುತ್ತದೆ. ಐದು ಮೀಟರಿಗೆ ಒಂದು ಮೀಟರ್ ಇಳಿಯುವ ಕಡಿದಾದ ದಂಡೆಯಲ್ಲಿ ಅಷ್ಟೇ ನೀರು ಇಳಿದರೆ ಸಿಗುವುದು ಒಂದೂವರೆ ಮೀಟರ್. ಹಾಗಾಗಿ ಒಡ್ಡಿನ ಕಡೆ ನಿಂತು ಹಕ್ಕಿ ಇಲ್ಲ ಎನ್ನಬೇಡಿ. ನೀರು ಒಳಗೆ ಬರುವ ಹಿನ್ನೀರಿನ ಕಡೆ ಹೋಗಿ.

ಇನ್ನೊಂದು ಕಾರಣವೂ ಉಂಟು. ಮಳೆ ಚೆನ್ನಾಗಿ ಆದ ವರ್ಷ ಸುತ್ತಲಿನ ಪಾಝರ್ ತಲಾವ್ (ನೀರು ಇಂಗಿಸುವ ಕೆರೆ), ಕೃಷಿಹೊಂಡ, ಹಳ್ಳ ಎಲ್ಲ ತುಂಬಿರುತ್ತವೆ. ಹಕ್ಕಿಗಳು ಅಲ್ಲೆಲ್ಲ ಹಂಚಿಹೋಗುತ್ತವೆ. ಸಣ್ಣ ಕೆರೆಗಳು ಬತ್ತುತ್ತಾ ಬಂದ ಹಾಗೆ ದೊಡ್ಡ ಕೆರೆಯಲ್ಲಿ ಗುಂಪು ಬೆಳೆಯುತ್ತದೆ.

ಹಂಗಾದ್ರ ಬರಗಾಲ ಬಂದ್ರ ಹಕ್ಕಿಗೆ ಒಳ್ಳೇದಾ?

ಅದೂ ಅಲ್ಲ. ನಿಧಾನವಾಗಿ ಇಳಿಯುವುದು ಬೇರೆ, ಡಿಸೆಂಬರ್‌ಗೇ ಬಿರುಕು ಬಿಡುವುದು ಬೇರೆ. ನಮ್ಮಲ್ಲಿ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್‌ನಲ್ಲಿ ಬೀಳುತ್ತದೆ. ಆ ಒಂದು ತಿಂಗಳು ಕೈಕೊಟ್ಟರೆ ವಲಸೆ ಹಕ್ಕಿ ಬರುವಷ್ಟರಲ್ಲಿ ಕೆರೆಯೇ ಇರುವುದಿಲ್ಲ. ಮೀನು ತಿನ್ನುವ ಕೊಕ್ಕರೆಗಳು ಕೊನೆಯ ಹೊಂಡಗಳಲ್ಲಿ ಒಂದಷ್ಟು ದಿನ ಮುತ್ತಿಕೊಂಡು ಆಮೇಲೆ ಜಾಗ ಬಿಡುತ್ತವೆ. ಒಂದು ಸಮಾಧಾನವಿದೆ. ಒಣಗಿದ ತಳದಲ್ಲಿ ಬೆಳೆದ ಹುಲ್ಲು ಮುಂದಿನ ಮಳೆಗೆ ಮುಳುಗಿ ಕೊಳೆತಾಗ ಹುಳಹುಪ್ಪಟೆ ಜೋರಾಗಿ ಹುಟ್ಟುತ್ತವೆ. ಬರ ಮುಗಿದ ಮೊದಲ ಚಳಿಗಾಲವನ್ನು ನಾನು ಬಿಡುವುದಿಲ್ಲ.

ಒಂದೇ ಕೆರೆಯಲ್ಲಿ ಇಷ್ಟು ತರದ ಹಕ್ಕಿ ಇದ್ರೂ ಜಗಳ ಯಾಕೆ ಆಗಲ್ಲ?

ಜಗಳ ಆಗುತ್ತದೆ, ನಾಮದ ಕೋಳಿಗಳನ್ನು ಒಂದು ಗಳಿಗೆ ನೋಡಿ. ಆದರೆ ಬೇರೆ ಬೇರೆ ಜಾತಿಯ ನಡುವೆ ಕಡಿಮೆ, ಯಾಕೆಂದರೆ ಎಲ್ಲರೂ ಒಂದೇ ಜಾಗದಲ್ಲಿ ಒಂದೇ ಊಟ ಮಾಡುವುದಿಲ್ಲ.

ದಂಡೆಯಿಂದ ಒಳಗೆ ಹೋಗೋಣ. ಒಣ ಅಂಚಿನ ಕಲ್ಲುಮಣ್ಣಿನಲ್ಲಿ ಟಿಟ್ಟಿಭ, ದನಗಳ ಕಾಲಬುಡದಲ್ಲಿ ಜಾನುವಾರು ಬೆಳ್ಳಕ್ಕಿ. ಒದ್ದೆ ಕೆಸರಿನಲ್ಲಿ ಗದ್ದೆಗೊರವಗಳು. ಪಾದ ಮುಳುಗುವ ನೀರಿನಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ. ಅಲ್ಲೇ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವ ಚಮಚಕೊಕ್ಕು. ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಇಟ್ಟು, ಕಾಲಿನಿಂದ ಕೆಸರು ಕಲಕಿ, ತಾಗಿದ ಮೀನನ್ನು ಗಪ್ಪನೆ ಹಿಡಿಯುತ್ತದೆ. ಕಣ್ಣಿಗೆ ಕಾಣಬೇಕೆಂದೇ ಇಲ್ಲ. ಬೂದು ಬಕ ತದ್ವಿರುದ್ಧ. ಅಲ್ಲಾಡದೆ ನಿಂತು, ನೋಡಿ, ಗುರಿಯಿಟ್ಟು ಹೊಡೆಯುತ್ತದೆ. ಎರಡೂ ಮೀನು ತಿನ್ನುವ ಹಕ್ಕಿಗಳೇ. ರಾಡಿ ನೀರಿನಲ್ಲಿ ಕೊಕ್ಕರೆಯ ಕೆಲಸ ನಡೆಯುತ್ತದೆ, ಬಕಕ್ಕೆ ತಿಳಿನೀರು ಬೇಕು.

ಇನ್ನೂ ಒಳಗೆ ಬಾತುಗಳು. ಪಿನ್‌ಟೇಲ್‌ಗೆ ಕುತ್ತಿಗೆ ಉದ್ದ, ಹಾಗಾಗಿ ಉಳಿದ ಬಾತುಗಳಿಗೆ ಎಟುಕದ ಆಳಕ್ಕೂ ಬಾಯಿ ಹಾಕುತ್ತದೆ. ಶೊವೆಲರ್ ಸಲಿಕೆಯಂಥ ಕೊಕ್ಕಿನಿಂದ ನೀರಿನ ಮೇಲ್ಮೈಯನ್ನೇ ಸೋಸುತ್ತದೆ. ಒಂದರ ಹಿಂದೆ ಒಂದು ಸುತ್ತು ತಿರುಗುತ್ತ ತಿನ್ನುವ ಶೊವೆಲರ್ ಗುಂಪು ಸಿಕ್ಕರೆ ಬಿಟ್ಟು ಬರಬೇಡಿ. ಆಳದಲ್ಲಿ ಮುಳುಗು ಹಾಕುವ ಪೋಚಾರ್ಡ್ ಬಾತು ಮತ್ತು ನೀರುಕಾಗೆ. ಎಲ್ಲದರ ಮೇಲೆ ಹಾರುತ್ತ ರೀವಗಳು. ಒಮ್ಮೊಮ್ಮೆ ಜೌಗು ಸೆಳೆವ ಎಂಬ ಬೇಟೆ ಹಕ್ಕಿ ಹುಲ್ಲಿನ ಮೇಲೆ ತಗ್ಗಿ ಬರುತ್ತದೆ, ಆಗ ಕೆರೆಗೆ ಕೆರೆಯೇ ಎದ್ದು ಹಾರುತ್ತದೆ.

ಜಲಪರ್ಣಿ ಪೂರ್ತಿ ಕಿತ್ತು ಹಾಕಿದ್ರೆ ಹಕ್ಕಿ ಜಾಸ್ತಿ ಆಗ್ತಾವಾ?

ದಕ್ಷಿಣ ಅಮೆರಿಕದಿಂದ ಬಂದ ಈ ಕಳೆ ಕೊಳಚೆ ನೀರು ಸೇರುವ ಕೆರೆಯಲ್ಲಿ ಹುಚ್ಚೆದ್ದು ಬೆಳೆಯುತ್ತದೆ. ನೀರಿನ ಮೇಲೆ ಚಾದರ ಹೊದಿಸಿದ ಮೇಲೆ ಕೆಳಗೆ ಬೆಳಕಿಲ್ಲ, ಆಮ್ಲಜನಕ ಕಡಿಮೆ, ಒಳಗಿನ ಗಿಡ ಸಾಯುತ್ತದೆ. ಬಾತುಗಳಿಗೆ ಇಳಿಯಲು ತೆರೆದ ನೀರೇ ಇರುವುದಿಲ್ಲ. ಆದರೆ ಅದೇ ಚಾದರದ ಮೇಲೆ ದೇವನಕ್ಕಿ ಓಡಾಡುತ್ತದೆ, ನೇರಳೆ ಜಂಬುಕೋಳಿ ಅಡಗುತ್ತದೆ.

ಕೀಳಲೇಬೇಕು. ಆದರೆ ಜುಲೈ, ಆಗಸ್ಟ್‌ನಲ್ಲಿ ಯಂತ್ರ ಇಳಿಸಿದರೆ ಅದರ ಮೇಲಿನ ಗೂಡುಗಳೂ ಹೋಗುತ್ತವೆ. ಬೇಸಿಗೆಯಲ್ಲಿ ಕೀಳಿ. ಕಿತ್ತದ್ದನ್ನು ದಂಡೆಯಲ್ಲೇ ರಾಶಿ ಹಾಕಬೇಡಿ, ಮಳೆಗೆ ಮತ್ತೆ ನೀರಿಗೆ ಬರುತ್ತದೆ. ನಮ್ಮ ನೀರಿನದೇ ಆದ ತಾವರೆ, ಆಪು, ಜೊಂಡಿಗೆ ಕೈ ಹಚ್ಚಬೇಡಿ. ಕೊಳಚೆ ನಿಲ್ಲಿಸದೆ ಕಳೆ ಕೀಳುವ ಟೆಂಡರ್ ಪ್ರತಿ ವರ್ಷ ಬರುತ್ತದೆ, ಕಳೆಯೂ ಬರುತ್ತದೆ.

ಸಿದ್ಧೇಶ್ವರ ಕೆರೆ ಇಷ್ಟು ದೊಡ್ಡದು, ಅಲ್ಲಿ ಬಾತು ಯಾಕೆ ಕಡಿಮೆ?

12ನೇ ಶತಮಾನದಲ್ಲಿ ಶರಣ ಸಿದ್ಧರಾಮರು ಕಟ್ಟಿಸಿದರು ಎಂದು ನಂಬುವ ಕೆರೆ, ನಡುವೆ ಗುಡಿ, ಸಂಕ್ರಾಂತಿಗೆ ಗಡ್ಡಾ ಯಾತ್ರೆ. ನೋಡಲು ಚೆಂದ. ಹಕ್ಕಿಯ ಕಣ್ಣಿನಿಂದ ನೋಡಿದರೆ ಬೇರೆ ಲೆಕ್ಕ. ಸುತ್ತ ಕಲ್ಲಿನ ಗೋಡೆ, ಕಡಿದಾದ ಅಂಚು. ಕೆಸರುಪಟ್ಟಿಗೆ ಜಾಗವಿಲ್ಲ. ನೀರುಕಾಗೆ, ಬೆಳ್ಳಕ್ಕಿ, ಕೊಳದ ಬಕ, ಮಿಂಚುಳ್ಳಿಯಂಥ ಹೊಂದಿಕೊಳ್ಳುವ ಹಕ್ಕಿಗಳು ಇಂಥ ಕಡೆ ನಡೆಸುತ್ತವೆ. ಮೀನಿದ್ದರೆ ಅವಕ್ಕೆ ಸಾಕು.

ಗೂಡು ಎಲ್ಲಿ ಕಟ್ತಾವ?

ಚಳಿಗಾಲದ ಅತಿಥಿಗಳು ಇಲ್ಲಿ ಗೂಡು ಕಟ್ಟುವುದಿಲ್ಲ. ಇಲ್ಲಿಯವೇ ಆದವುಗಳಲ್ಲಿ ರೀತಿ ಬೇರೆ ಬೇರೆ. ಗುಳುಮುಳುಕ ತೇಲುವ ಗೂಡು ಮಾಡಿ, ಎದ್ದು ಹೋಗುವಾಗ ಮೊಟ್ಟೆ ಮೇಲೆ ಕಳೆ ಮುಚ್ಚಿ ಹೋಗುತ್ತದೆ. ಟಿಟ್ಟಿಭ ಬರಿ ನೆಲದ ಮೇಲೆ ಇಡುತ್ತದೆ. ದೇವನಕ್ಕಿಯಲ್ಲಿ ಕಾವು ಕೊಡುವುದು, ಮರಿ ಸಾಕುವುದು ಗಂಡು. ಹೆಣ್ಣು ನಾಲ್ಕು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೊರಡುತ್ತದೆ. ಬಣ್ಣದ ಕೊಕ್ಕರೆ ಮರದ ಮೇಲೆ ಗುಂಪಾಗಿ ಗೂಡು ಕಟ್ಟುತ್ತದೆ. ಭಿಗವಣ ಹತ್ತಿರದ ಭಾದಲವಾಡಿ ಕೆರೆ ಅದಕ್ಕೇ ಹೆಸರಾದದ್ದು.

ಊರು, ಹೊಲ, ಬಲೆ

ಪಟ್ಟೆತಲೆ ಹೆಬ್ಬಾತು ಹಗಲಿಡೀ ಮಲಗೇ ಇರ್ತಾವ. ರಾತ್ರಿ ನಮ್ಮ ಕಡ್ಲಿ ತಿಂತಾವಂತ, ಖರೇನಾ?

ಖರೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ ಇದು. ಹಾದಿಯಲ್ಲಿ 7,000 ಮೀಟರ್‌ಗಿಂತ ಎತ್ತರ ಹಾರಿದ್ದು ದಾಖಲಾಗಿದೆ. ಇಲ್ಲಿ ಕೆರೆ ಅದಕ್ಕೆ ಮಲಗುವ ಮನೆ, ಹೊಲ ಊಟದ ಮನೆ. ಹಗಲು ನೀರಿನ ನಡುವೆ ಅಥವಾ ಬಯಲು ದಂಡೆಯಲ್ಲಿ ಸುರಕ್ಷಿತವಾಗಿ ಕೂತು, ಸಂಜೆಗತ್ತಲಲ್ಲಿ ಸಾಲಾಗಿ ಹೊಲಕ್ಕೆ ಹೋಗುತ್ತದೆ. ಎಳೆ ಚಿಗುರು, ಉದುರಿದ ಕಾಳು ಎರಡೂ ಬೇಕು.

ಕೆರೆ ಪಕ್ಕದ ರೈತನಿಗೆ ನಷ್ಟ ಆಗುವುದುಂಟು, ಅದನ್ನು ಇಲ್ಲ ಎನ್ನುವುದು ಸರಿಯಲ್ಲ. ಹೊಲದಿಂದ ಎಬ್ಬಿಸಿ, ತಕರಾರಿಲ್ಲ. ವಿಷ ಹಾಕುವುದು, ಉರುಲು ಹಾಕುವುದು ಮಾತ್ರ ಅಪರಾಧ. 1972ರ ವನ್ಯಜೀವಿ ಕಾಯ್ದೆ ಇವಕ್ಕೆ ರಕ್ಷಣೆ ಕೊಟ್ಟಿದೆ. ಕೆರೆಯಲ್ಲಿ ಮಲಗಿದ್ದಾಗ ಫೋಟೋಕ್ಕಾಗಿ ಎಬ್ಬಿಸುವವರ ಬಗ್ಗೆ ನನಗೆ ರೈತನಿಗಿಂತ ಜಾಸ್ತಿ ಸಿಟ್ಟು.

ನೀರು ಇಳಿದ ಜಾಗದಾಗ ಗಾಳಪೇರ ಮಾಡೋದು ತಪ್ಪಾ?

ನೀರು ಸರಿದ ಮಣ್ಣಿನಲ್ಲಿ ಬಿತ್ತುವುದು ನಮ್ಮ ಕಡೆ ಹಳೆಯ ರೂಢಿ. ಪರವಾನಗಿಯ ವಿಷಯ ಸರ್ಕಾರದ್ದು, ಹಕ್ಕಿಯ ವಿಷಯ ಇಷ್ಟು: ಬೆಳೆ ನೀರಿನ ಅಂಚಿಗೆ ತಾಗುವ ತನಕ ಹಾಕಿದರೆ ಗೊರವಕ್ಕೆ ಕೆಸರು ಉಳಿಯುವುದಿಲ್ಲ. ಅಲ್ಲಿ ಹೊಡೆದ ಔಷಧಿ, ಗೊಬ್ಬರ ನೇರ ಕೆರೆಗೇ ಇಳಿಯುತ್ತದೆ. ಅಂಚಿನಿಂದ ಒಂದಿಷ್ಟು ಪಟ್ಟಿ ಬಿಟ್ಟು ಬಿತ್ತಿದರೆ ಇಬ್ಬರಿಗೂ ನಡೆಯುತ್ತದೆ.

ನೀರುಕಾಗೆ ಮೀನೆಲ್ಲಾ ಖಾಲಿ ಮಾಡ್ತಾವ ಅಂತ ಮೀನುಗಾರರು ಬೈತಾರ.

ಸಣ್ಣ ನೀರುಕಾಗೆ ತಿನ್ನುವುದು ಬಹುತೇಕ ಕಿರುಮೀನು, ಮಾರುಕಟ್ಟೆಯಲ್ಲಿ ದುಡ್ಡು ಬರದಂಥದ್ದು. ಕೆರೆಗೆ ಮೀನುಮರಿ ಬಿಟ್ಟ ಹೊಸದರಲ್ಲಿ ಮಾತ್ರ ಕಟ್ಲಾ, ರೋಹು ಮರಿಗಳಿಗೆ ಪೆಟ್ಟು ಬೀಳಬಹುದು. ಉಜನಿಯಲ್ಲಿ ಬಲೆಗೆ ಬೀಳುವ ಚಿಲಾಪಿಯೇ ಹೊರಗಿನಿಂದ ಬಂದ ಮೀನು. ಕೆರೆ ಬದಲಾಗಿದ್ದರಲ್ಲಿ ಅದರ ಪಾಲು ದೊಡ್ಡದು, ಹಕ್ಕಿಯದಲ್ಲ.

ಆಚೆ ಕಡೆಯ ತೊಂದರೆಯನ್ನೂ ಹೇಳಬೇಕು. ನೈಲಾನ್ ಬಲೆಯಲ್ಲಿ ಮುಳುಗುವ ಹಕ್ಕಿಗಳು ಸಿಕ್ಕಿ ಸಾಯುತ್ತವೆ: ನಾಮದ ಕೋಳಿ, ಗುಳುಮುಳುಕ, ಪೋಚಾರ್ಡ್. ಹರಿದ ಬಲೆಯನ್ನು ನೀರಿನಲ್ಲೇ ಬಿಟ್ಟರೆ ಅದು ತಿಂಗಳುಗಟ್ಟಲೆ ಕೊಲ್ಲುತ್ತಲೇ ಇರುತ್ತದೆ. ಇದನ್ನು ಭಾಷಣ ಮಾಡಿ ಹೇಳಿದರೆ ಯಾರೂ ಕೇಳುವುದಿಲ್ಲ. ಮೀನು ಹಿಡಿಯುವ ಭೋಯಿ ಸಮಾಜದ ಹಿರಿಯರ ಜೊತೆ ಕೂತು ಮಾತಾಡಿ. ಯಾವ ಮೂಲೆಯಲ್ಲಿ ಯಾವ ಹಕ್ಕಿ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಕ್ಕಿಗೆ ಬ್ರೆಡ್ಡು, ಫರಸಾಣ ಹಾಕಬಹುದಾ?

ಬೇಡ. ಅವುಗಳ ಊಟ ಕೆರೆಯಲ್ಲೇ ಇದೆ. ಡ್ರೋನ್ ಕೂಡ ಬೇಡ.

ದಂಡಿಗೆ ಸತ್ತ ಬಾತು ಬಿದ್ದಿತ್ತು, ಏನು ಮಾಡಬೇಕಿತ್ತು?

ಒಂದು ಹಕ್ಕಿ ಸತ್ತರೆ ಕಾರಣ ಏನೂ ಇರಬಹುದು. ಒಟ್ಟಿಗೆ ಹಲವು ಸತ್ತಿದ್ದರೆ, ಅಥವಾ ಕುತ್ತಿಗೆ ಎತ್ತಲಾಗದೆ, ಹಾರಲಾಗದೆ ಒದ್ದಾಡುತ್ತಿದ್ದರೆ ಗಂಭೀರ ವಿಷಯ. ಹಕ್ಕಿಜ್ವರ ಇರಬಹುದು, ಬೊಟುಲಿಸಂ ಎಂಬ ಬ್ಯಾಕ್ಟೀರಿಯಾ ವಿಷ ಇರಬಹುದು. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತದ್ದು ಬೊಟುಲಿಸಂನಿಂದ. ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗಳನ್ನು ದೂರ ಇಡಿ. ಜಾಗ, ಎಣಿಕೆ, ಫೋಟೋ ಇಟ್ಟುಕೊಂಡು ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಗೆ ಫೋನ್ ಮಾಡಿ, ಪಶುಸಂಗೋಪನೆ ಇಲಾಖೆಗೂ ತಿಳಿಸಿ.

ಕೆರೆ ಸುತ್ತ ವಾಕಿಂಗ್ ಟ್ರ್ಯಾಕ್, ಲೈಟು ಹಾಕಿದ್ರೆ ಜನ ಬರ್ತಾರೆ, ಕೆರೆ ಉಳಿಯುತ್ತೆ ಅಲ್ವಾ?

ನೀರು ಉಳಿಯಬಹುದು. ಸುತ್ತ ಗೋಡೆ ಕಟ್ಟಿ, ಜೊಂಡು ತೆಗೆದು, ತಳವನ್ನು ಒಂದೇ ಸಮ ಆಳ ಮಾಡಿದರೆ ಹಕ್ಕಿಗೆ ಅದು ಬರೀ ನೀರಿನ ತೊಟ್ಟಿ. ಹೂಳೆತ್ತುವುದಾದರೂ ಹಿನ್ನೀರಿನ ಕಡೆಯ ಇಳಿಜಾರು ಬಿಟ್ಟು ಒಡ್ಡಿನ ಕಡೆ ಎತ್ತಿ. ಟ್ರ್ಯಾಕ್ ಬೇಕೇ ಬೇಕಾದರೆ ಒಂದು ಬದಿಗೆ ಮಾಡಿ, ಇನ್ನೊಂದು ಬದಿಯನ್ನು ಕತ್ತಲೆಗೂ ಕೆಸರಿಗೂ ಬಿಡಿ.

ಎಣಿಸುವವರಿಗೆ, ಓದುವವರಿಗೆ

ಸಾವಿರಗಟ್ಟಲೆ ಹಕ್ಕಿ ಹೆಂಗ ಎಣಸ್ತೀರಿ?

ಒಂದೊಂದಾಗಿ ಎಣಿಸುವುದಿಲ್ಲ. ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ. ಅದೇ ಅಳತೆಯಲ್ಲಿ ನೂರಕ್ಕೆ ಹೋಗಿ, ಆಮೇಲೆ ಗುಂಪಿನ ಮೇಲೆ ಆ ನೂರರ ತುಂಡನ್ನು ಇಡುತ್ತ ಹೋಗಿ. ದಟ್ಟ ಇರುವಲ್ಲಿ ತುಂಡು ಚಿಕ್ಕದು, ವಿರಳ ಇರುವಲ್ಲಿ ದೊಡ್ಡದು. ಜಾತಿ ತಿಳಿಯದಿದ್ದರೆ "ಗುರುತು ಸಿಗದ ಬಾತು" ಎಂದೇ ಬರೆಯಿರಿ. ಊಹಿಸಿ ಬರೆದ ಹೆಸರಿಗಿಂತ ಅದು ಎಷ್ಟೋ ಮೇಲು.

ಪ್ರತಿ ವರ್ಷ ಅದೇ ಜಾಗ, ಅದೇ ಹೊತ್ತು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲಿ ನಡೆಯುತ್ತಿದೆ, ಯಾರು ಬೇಕಾದರೂ ಸೇರಬಹುದು. ಉಳಿದ ದಿನಗಳ ಪಟ್ಟಿಯನ್ನು ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕಿ. ಏನೂ ಕಾಣದ ದಿನದ ಪಟ್ಟಿಯೂ ಬೇಕು.

ಜಾತಿ ಜಾಸ್ತಿ ಇದ್ರೆ ವೈವಿಧ್ಯ ಜಾಸ್ತಿ ಅಂತ ತಾನೇ? ಶ್ಯಾನನ್ ಸೂಚ್ಯಂಕ ಯಾಕೆ ಬೇಕು?

ಎರಡು ಕೆರೆ ಇಟ್ಟುಕೊಳ್ಳಿ. ಎರಡರಲ್ಲೂ ನಾಲ್ಕು ಜಾತಿ, ನೂರು ಹಕ್ಕಿ. ಮೊದಲನೆಯದರಲ್ಲಿ ಪ್ರತಿ ಜಾತಿಯೂ 25. ಎರಡನೆಯದರಲ್ಲಿ ನಾಮದ ಕೋಳಿ 97, ಉಳಿದ ಮೂರು ಜಾತಿ ಒಂದೊಂದು. ಜಾತಿಗಳ ಲೆಕ್ಕದಲ್ಲಿ ಎರಡೂ ಸಮ. ಶ್ಯಾನನ್ ಲೆಕ್ಕದಲ್ಲಿ ಮೊದಲನೆಯದು ಸುಮಾರು 1.39, ಎರಡನೆಯದು 0.17. ಪ್ರತಿ ಜಾತಿಯ ಪಾಲನ್ನು ಅದರ ಸ್ವಾಭಾವಿಕ ಲಾಗರಿದಮ್‌ನಿಂದ (ln) ಗುಣಿಸಿ, ಎಲ್ಲ ಕೂಡಿಸಿ, ಮೈನಸ್ ಚಿಹ್ನೆ ತಿರುಗಿಸಿದರೆ ಬರುವ ಸಂಖ್ಯೆ ಇದು. ಕ್ಲಾಡ್ ಶ್ಯಾನನ್ 1948ರಲ್ಲಿ ಸಂದೇಶಗಳ ಲೆಕ್ಕಕ್ಕೆ ಮಾಡಿದ್ದನ್ನು ಜೀವಶಾಸ್ತ್ರದವರು ಎರವಲು ತಂದರು.

ಆದರೆ ಆ ಒಂದು ಸಂಖ್ಯೆಗೇ ಮರುಳಾಗಬೇಡಿ. ಸಾವಿರ ಹೆಬ್ಬಾತು ಬಂದಿಳಿದ ದಿನ ಸೂಚ್ಯಂಕ ಕೆಳಗೆ ಬೀಳುತ್ತದೆ. ಅವತ್ತು ಕೆರೆ ಕೆಟ್ಟಿತು ಎಂದು ಯಾರಾದರೂ ಹೇಳುತ್ತಾರೆಯೇ?

ನಾನು ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಹಕ್ಕಿಗಳ ಆವಾಸ ಬಳಕೆ ತಗೊಂಡೀನಿ. ಏನೇನು ಬರಕೊಳ್ಳಲಿ?

ಹಕ್ಕಿಯ ಹೆಸರಿನ ಜೊತೆ ಮೂರು ವಿಷಯ: ಎಲ್ಲಿತ್ತು, ಏನು ಮಾಡುತ್ತಿತ್ತು, ನೀರು ಎಷ್ಟಿತ್ತು. "ಎಲ್ಲಿ" ಅನ್ನುವುದಕ್ಕೆ ತೆರೆದ ನೀರು, ಆಳವಿಲ್ಲದ ನೀರು, ಕೆಸರು, ಜೊಂಡು, ತೇಲುವ ಎಲೆ, ಮರ, ಹೊಲ ಎಂದು ಮೊದಲೇ ವಿಂಗಡಿಸಿಕೊಳ್ಳಿ. "ಏನು" ಅನ್ನುವುದು ಬಹಳ ಮುಖ್ಯ. ಮಲಗುವ ಜಾಗ ಮತ್ತು ತಿನ್ನುವ ಜಾಗ ಬೇರೆ ಎಂದು ಹೆಬ್ಬಾತಿನ ವಿಷಯದಲ್ಲಿ ನೋಡಿದೆವಲ್ಲ. ಆಳವನ್ನು ಹಕ್ಕಿಯ ಕಾಲಿನಿಂದಲೇ ಅಂದಾಜು ಮಾಡಬಹುದು: ಪಾದ, ಮಂಡಿ, ಹೊಟ್ಟೆ. ಒಡ್ಡಿನ ಗೇಜ್‌ನಲ್ಲಿ ನೀರಿನ ಮಟ್ಟವನ್ನು ಪ್ರತಿ ಸಲ ಬರೆದುಕೊಳ್ಳಿ.

ಇನ್ನೊಂದು ಮಾತು. ಬಯಲು ನೀರಿನಲ್ಲಿ ಹಕ್ಕಿ ಸುಲಭಕ್ಕೆ ಕಾಣುತ್ತದೆ, ಜೊಂಡಿನಲ್ಲಿ ಕಾಣುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಜೊಂಡಿನ ಹಕ್ಕಿ ಕಡಿಮೆ ಬಂದರೆ ಅವು ಇಲ್ಲ ಎಂದಲ್ಲ. ಅಲ್ಲಿ ಜಾಸ್ತಿ ಹೊತ್ತು ಕೂತು, ಕೂಗು ಕೇಳಿ.

ಹಿಪ್ಪರಗಾಕ್ಕ ರಾಮ್ಸಾರ್ ಪಟ್ಟ ಸಿಗ್ತೈತೇನ್ರಿ?

ರಾಮ್ಸಾರ್ ಅಂದರೆ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿ. ಅದಕ್ಕೆ ಸೇರಲು ಹಕ್ಕಿಗಳ ಲೆಕ್ಕದಲ್ಲಿ ಎರಡು ದಾರಿ. ಕೆರೆಯಲ್ಲಿ ಕಾಯಂ ಆಗಿ 20,000 ನೀರುಹಕ್ಕಿ ಸೇರಬೇಕು, ಇಲ್ಲವೇ ಯಾವುದಾದರೂ ಒಂದು ಜಾತಿಯ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟು ಅಲ್ಲಿ ಇರಬೇಕು. ಒಂದು ವರ್ಷದ ಲೆಕ್ಕ ನಡೆಯುವುದಿಲ್ಲ, ಹಲವು ವರ್ಷಗಳದ್ದು ಬೇಕು. ಮಹಾರಾಷ್ಟ್ರದಲ್ಲಿ ಮೊದಲು ಈ ಪಟ್ಟ ಸಿಕ್ಕಿದ್ದು ನಾಶಿಕ ಜಿಲ್ಲೆಯ ನಾಂದೂರ ಮಧ್ಯಮೇಶ್ವರಕ್ಕೆ, ಘೋಷಣೆ ಆದದ್ದು 2020ರಲ್ಲಿ. ಅದೂ ಒಂದು ಬಂಧಾರದ ಹಿನ್ನೀರೇ. ಕರ್ನಾಟಕದಲ್ಲಿ ಹೆಬ್ಬಾತುಗಳ ಮಾಗಡಿ ಕೆರೆ, ಕೊಕ್ಕರೆಗಳ ಅಂಕಸಮುದ್ರ ಸೇರಿದ್ದು 2024ರಲ್ಲಿ ಘೋಷಣೆ ಆಯಿತು. ಎರಡೂ ನೀರಾವರಿಗೆ ಕಟ್ಟಿದ ಕೆರೆಗಳು. ಕಟ್ಟಿದ ಕೆರೆ ಎಂಬ ಕಾರಣಕ್ಕೆ ಹಿಪ್ಪರಗಾಕ್ಕೆ ಬಾಗಿಲು ಮುಚ್ಚಿಲ್ಲ. ಜನವರಿಯ ಎಣಿಕೆ ಒಂದು ವರ್ಷವೂ ತಪ್ಪದೆ ನಡೆಯಬೇಕು, ಮೊದಲು ಆಗಬೇಕಾದ್ದು ಅದು.